ಬಾಗಿಲವ್ವನಿಗೆ ಎಷ್ಟು ಶಕ್ತಿ ಇರಬೇಕು

ಹತ್ತನೆಯ ತರಗತಿಯವರಿಗೆ ಬೆಳಕಿನ ವಕ್ರೀಭವನ ಹೇಳುತ್ತಿದ್ದೆ. ಸೀಮೆಸುಣ್ಣ ಮುಗಿಯಿತೆಂದು ವ್ಯಾನಿಟಿ ಬ್ಯಾಗಿಗೆ ಕೈ ಹಾಕಿ, ಸಿಕ್ಕಿದ್ದನ್ನು ತೆಗೆದು ಹಲಗೆಯ ಮೇಲೆ ಎಳೆದರೆ ಗೀಟು ಮೂಡಲಿಲ್ಲ, ಕಿರ್ ಎಂದು ಸದ್ದಾಯಿತು. ನೋಡಿದರೆ ಕೈಯಲ್ಲಿದ್ದದ್ದು ಬೋರೆಹಣ್ಣಿನಷ್ಟು ದೊಡ್ಡದಾದ, ಹಸಿರು ಬಣ್ಣದ, ಇಪ್ಪತ್ತು ಮುಖದ ದಾಳ. ಮುಂದಿನ ಬೆಂಚಿನ ಹುಡುಗಿ, "ಟೀಚರ್, ಅದೇನ್ರಿ?" ಎಂದಳು. ನಿನ್ನೆ ಮಧ್ಯಾಹ್ನ ಇದನ್ನು ಉರುಳಿಸಿ ನಾನೊಂದು ಕೋಟೆಯ ಗೋಡೆ ಹತ್ತಿದೆ ಎಂದು ಹೇಳುವುದಕ್ಕೆ ಬಾಯಿ ಬರಲಿಲ್ಲ. "ಸ್ಫಟಿಕದ ಮಾದರಿ. ಮುಂದಿನ ಪಾಠದಾಗ ಬರ್ತದ" ಎಂದೆ. ಮುಂದಿನ ಪಾಠ ವಿದ್ಯುಚ್ಛಕ್ತಿ.

ನೀವು ನಗುತ್ತೀರಿ, ನನಗೆ ಗೊತ್ತು. ನಲವತ್ತಾರು ವರ್ಷದ ವಿಜ್ಞಾನದ ಶಿಕ್ಷಕಿ, ಹಲ್ಲಿ ಕಂಡರೆ ಕುರ್ಚಿ ಹತ್ತುವವಳು, ಭಾನುವಾರ ಬಂತೆಂದರೆ ಕಳ್ಳಿಯಾಗುತ್ತೇನೆ. ಇದಕ್ಕೆಲ್ಲ ಕಾರಣ ನನ್ನ ಮೈದುನನ ಮಗಳು ಪಲ್ಲವಿ. ಯಾದಗಿರಿಯಲ್ಲಿ ಡಿಗ್ರಿ ಓದುತ್ತಾಳೆ. ಶನಿವಾರ ಸಂಜೆ ಬಸ್ಸು ಹತ್ತಿ ಸುರಪುರದ ಮಗ್ಗುಲಿನ ರಂಗಂಪೇಟೆಯ ನಮ್ಮ ಮನೆಗೆ ಬಂದುಬಿಡುತ್ತಾಳೆ. ಒಂದು ಸಲ ಬಂದವಳು ದಪ್ಪನೆಯ ನೋಟ್‌ಬುಕ್ಕನ್ನೂ ಈ ದಾಳವನ್ನೂ ತಂದಳು. ಹಾಸ್ಟೆಲಿನ ಗೆಳತಿಯರು ಕಲಿಸಿದ ಆಟವಂತೆ.

ಆಟಕ್ಕೆ ಮಣೆಯಿಲ್ಲ, ಕಾಯಿಗಳಿಲ್ಲ. ಒಬ್ಬರು ಕಥೆ ಹೇಳಬೇಕು. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬ ಮನುಷ್ಯರಾಗಬೇಕು. "ನಿಮ್ಮ ಮುಂದ ಹೊಳಿ ಅದ, ಏನ್ಮಾಡ್ತೀರಿ?" ಎಂದು ಕಥೆ ಹೇಳುವವರು ಕೇಳುತ್ತಾರೆ. "ಈಸ್ತೀನಿ" ಎಂದರೆ ದಾಳ ಹಾಕಬೇಕು. ಹೆಚ್ಚು ಬಿದ್ದರೆ ಆಚೆ ದಡ, ಕಡಿಮೆ ಬಿದ್ದರೆ ಮೂಗಿನಲ್ಲಿ ನೀರು. ಅಷ್ಟೇ. ನಾನು ಸಣ್ಣವಳಿದ್ದಾಗ ಮುದನಾಳದ ನಮ್ಮ ಮನೆಯ ಅಂಗಳದಲ್ಲಿ ಹೊರಸಿನ ಮೇಲೆ ಚಾದರ ಕಟ್ಟಿ ನಾವು ಆಡುತ್ತಿದ್ದದ್ದೂ ಇದನ್ನೇ. ಆಗ ದಾಳ ಇರಲಿಲ್ಲ. ಯಾರು ಜೋರಾಗಿ ಅಳುತ್ತಿದ್ದರೋ ಅವರು ಗೆಲ್ಲುತ್ತಿದ್ದರು, ಹಾಗಾಗಿ ನಾನು ಬಹಳ ಸಲ ಗೆದ್ದಿದ್ದೇನೆ.

ಕಥೆ ಹೇಳುವ ಪಲ್ಲವಿಯನ್ನು ಬಿಟ್ಟು ಆಡಲು ಮೂವರಾದರೂ ಬೇಕು. ನಾನು ಒಬ್ಬಳಾದೆ. ನಮ್ಮ ಶಹಾಪುರದ ಶಾಲೆಯಲ್ಲಿ ಸಮಾಜ ಪಾಠ ಹೇಳುವ ಸಿದ್ಧಾರ್ಥ ಸರ್ ಕಥೆಯೆಂದರೆ ಊಟ ಬಿಡುವವರು, ಅವರು ಬೈಕಿನಲ್ಲಿ ಬರುತ್ತೇನೆಂದರು. ನಮ್ಮನೆಯವರನ್ನು ಕರೆದರೆ ಅವರು ಬಾಗಿಲಲ್ಲಿ ನಿಂತು ಐದು ನಿಮಿಷ ನೋಡಿ, "ನಂದು ಚಾ ನಾನ ಮಾಡ್ಕೋತೀನಿ, ನೀವು ಆಡ್ರಿ" ಎಂದು ಹೋದರು. ಮೂರನೆಯವರು ಯಾರೆಂದು ನಾವು ಯೋಚಿಸುತ್ತಿರುವಾಗ ಒಳಕೋಣೆಯಿಂದ ನಮ್ಮ ಅತ್ತೆ ಬಂದು ಕುಳಿತರು.

ಅತ್ತೆಯ ಹೆಸರು ನೀಲಮ್ಮ. ಎಪ್ಪತ್ತೆರಡು ವರ್ಷ. ಓಣಿಯಲ್ಲಿ ಪಗಡೆಯಾಡಿ ಇವರನ್ನು ಸೋಲಿಸಿದವರಿಲ್ಲ. ಆದರೆ ಒಂದು ವರ್ಷದಿಂದ ಪಗಡೆಯ ಹಾಸು ಮಡಿಚಿಯೇ ಇತ್ತು. ಅತ್ತೆಯ ತಂಗಿ ಶರಣವ್ವ ಹೋದ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಆಮೇಲೆ ಅತ್ತೆ ಮಾತು ಕಡಿಮೆ ಮಾಡಿದರು, ಊರಂಚಿನ ಅವ್ವನ ಗುಡಿಗೆ ಮಂಗಳವಾರ ಮಂಗಳವಾರ ಹೋಗುವುದನ್ನೂ ಬಿಟ್ಟರು. ಮೊಣಕಾಲು ನೋವಿರಬೇಕೆಂದು ನಾನು ತೈಲ ತಂದುಕೊಟ್ಟಿದ್ದೆ. ಅವರು ಹಚ್ಚಿಕೊಳ್ಳಲಿಲ್ಲ. ಅಂಥವರು ತಾವಾಗಿಯೇ ಬಂದು ಕುಳಿತು, "ನನಗೂ ಒಂದು ವೇಷ ಕೊಡ" ಎಂದಾಗ ಪಲ್ಲವಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

"ಆಯಿ, ಪೈಲ್ವಾನ್ ಆಗ್ತಿಯೇನು? ಗದಾ ಕೊಡ್ತೀನಿ" ಎಂದು ಪಲ್ಲವಿ ಅಜ್ಜಿಯನ್ನು ಕೇಳಿದಳು.

"ಗದಾ ತಗೊಂಡು ಏನ್ಮಾಡ್ಲಿ. ಪೂಜಾರಿ ಮಾಡು."

ಹೀಗೆ ಅತ್ತೆ ಪೂಜಾರಿಣಿ, ಸಿದ್ಧಾರ್ಥ ಸರ್ ವೈದ್ಯ, ನಾನು ಕಳ್ಳಿ. ಪಲ್ಲವಿ ಕಟ್ಟಿದ ಊರಿನ ಹೆಸರು ಏಳುಬಾಗಿಲೂರು. ಸುತ್ತ ಕೋಟೆ, ಕೋಟೆಗೆ ಏಳು ಬಾಗಿಲು. ಗುಡ್ಡದ ಆಚೆಯಿಂದ ಹೊಗೆಯ ಸೈನಿಕರು ಬರುತ್ತಾರೆ, ಅವರು ಮುಟ್ಟಿದವರು ಕಲ್ಲಾಗುತ್ತಾರೆ. ಸುರಪುರದ ಸುತ್ತ ಚೆಲ್ಲಿಕೊಂಡಿರುವ ಕಲ್ಲುಗುಂಡುಗಳನ್ನು ನೋಡುತ್ತ ಬೆಳೆದ ಹುಡುಗಿಗೆ ಬೇರೆ ಥರದ ವೈರಿ ಹೊಳೆಯುವುದು ಕಷ್ಟ. ಊರನ್ನು ಕಾಯುವ ದೇವಿ ಬಾಗಿಲವ್ವ. ನೋಟ್‌ಬುಕ್ಕಿನಲ್ಲಿ ಬಾಗಿಲವ್ವನಿಗೊಂದು ಪುಟ. ಬಣ್ಣ ಕೆಂಪು, ವಾಹನ ಕೋಣ, ಕೈಯಲ್ಲಿ ಬಾಗಿಲಿನ ಅಗುಳಿ. ಅದರ ಕೆಳಗೆ 'ಶಕ್ತಿ' ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಳು.

ಮೊದಲ ಭಾನುವಾರ ಆ ಖಾಲಿ ಜಾಗದಿಂದಲೇ ಅನಾಹುತವಾಯಿತು. ಹೊಗೆಯ ಸೈನಿಕರು ಮೊದಲ ಬಾಗಿಲಿಗೆ ಬಂದರು. ನಾನು ಹಗ್ಗ ತೆಗೆಯುತ್ತಿದ್ದೆ, ಸಿದ್ಧಾರ್ಥ ಸರ್ ಔಷಧದ ಚೀಲ ಬಿಚ್ಚುತ್ತಿದ್ದರು. ಅಷ್ಟರಲ್ಲಿ ಅತ್ತೆ, "ಬಾಗಿಲವ್ವನ್ನ ಕರದೆ. ಎಲ್ಲಾರನ್ನೂ ಸುಟ್ಟು ಬೂದಿ ಮಾಡಿದ್ಲು" ಎಂದರು. ಎರಡನೆಯ ಬಾಗಿಲಿಗೆ ಬಂದರು. "ಮತ್ತ ಕರದೆ." ಅರ್ಧ ಗಂಟೆಯಲ್ಲಿ ಒಂಬತ್ತು ಸಲ ಕರೆದು ಊರು ಉಳಿಸಿ, ಅತ್ತೆ ಎದ್ದು ಅಕ್ಕಿ ಆರಿಸಲು ಹೋದರು. ಸಿದ್ಧಾರ್ಥ ಸರ್ ಮೂವತ್ತು ಕಿಲೋಮೀಟರು ಬೈಕು ಹೊಡೆದುಕೊಂಡು ಬಂದದ್ದು ಚೀಲದ ದಾರ ಬಿಚ್ಚಿ ಮತ್ತೆ ಕಟ್ಟುವುದಕ್ಕೆ.

ಮುಂದಿನ ವಾರ ಪಲ್ಲವಿ ಪಂಚಾಯ್ತಿ ಕೂಡಿಸಿದಳು. "ದೇವಿಗೆ ಎಷ್ಟು ಶಕ್ತಿ ಇರಬೇಕು ಅನ್ನೂದು ಮೊದಲು ಬಗಿಹರೀಬೇಕು. ಎಲ್ಲಾ ಆಕಿನೇ ಮಾಡಿದ್ರ ನಮಗೇನು ಕೆಲಸ?"

ಅತ್ತೆ ಹೇಳಿದರು, "ದೇವಿ ಅಂದಮ್ಯಾಲ ಪೂರಾ ಶಕ್ತಿ ಇರಬೇಕು. ಅರ್ಧಾ ಮರ್ಧಾ ಇದ್ರ ಕರ್ಯೂದ್ಯಾಕ?"

ಸಿದ್ಧಾರ್ಥ ಸರ್ ಮೆಲ್ಲಗೆ ಮಾತಾಡುವವರು. ಅವರದು ಬೌದ್ಧರ ಮನೆ. "ನಮ್ಮನ್ಯಾಗ ದೇವ್ರ ಜಗಲಿ ಇಲ್ರಿ ಅಮ್ಮಾ, ಹಂಗಾಗಿ ನನಗ ಅನುಭವ ಕಡಿಮಿ" ಎಂದು ಶುರು ಮಾಡಿದರು. "ಆದ್ರ ನಮ್ಮ ಶಹಾಪುರದ ಗುಡ್ಡದಾಗ ಬುದ್ಧ ಮಲಗ್ಯಾನಲ್ರಿ, ಬಂಡಿಗಲ್ಲಿನ ಮ್ಯಾಲ ಬಂಡಿಗಲ್ಲು ಕುಂತು ಹಂಗ ಕಾಣ್ತದ. ಆತ ಯಾರಿಗೂ ಏನೂ ಮಾಡೂದಿಲ್ಲ. ಬಸ್ಸಿನಾಗ ಹೋಗೂ ಮಂದಿ ಕಿಟಕಿಯಾಗಿಂದ ನೋಡಿ ಜರ ಸುಮ್ಮನಾಗ್ತಾರ. ದೇವ್ರಿಗೆ ಅಷ್ಟು ಶಕ್ತಿ ಇದ್ರ ಸಾಕು ಅನಸ್ತದ ನನಗ."

"ಅದು ಕಲ್ಲಲ್ಲೇನಪ್ಪ" ಎಂದರು ಅತ್ತೆ.

"ಹೌದ್ರಿ, ಕಲ್ಲ" ಎಂದು ಅವರು ಒಪ್ಪಿಕೊಂಡರು.

ನನ್ನ ಅಭಿಪ್ರಾಯ ಕೇಳಿದಾಗ ನಾನು ಮುದನಾಳದ ಕಥೆ ತೆಗೆದೆ. ನಿಮಗೂ ಹೇಳಿಬಿಡುತ್ತೇನೆ. ನಮ್ಮೂರ ಹೊರಗೆ ಬೇವಿನ ಮರದಡಿ ಸೀಮಿ ಅವ್ವ ಇದ್ದಾಳೆ, ಮೊಣಕಾಲೆತ್ತರದ ಕಲ್ಲು. ನಮ್ಮ ಅಜ್ಜಿಗೂ ಅವಳಿಗೂ ನೆರೆಮನೆಯವರ ಹಾಗೆ ಬಳಕೆ. ಸಂತೆಗೆಂದು ಯಾದಗಿರಿಗೆ ಹೊರಟಾಗ ಅಜ್ಜಿ ಮರದ ಹತ್ತಿರ ಬಂಡಿ ನಿಲ್ಲಿಸಿ, "ರೈಲ್ವೆ ಗೇಟಿನತನಾ ನೀ ನೋಡ್ಕೋ. ಆಮ್ಯಾಲ ಅಲ್ಲಿಯವರು ನೋಡ್ಕೋತಾರ" ಎಂದು ಹೇಳಿಯೇ ಹೋಗುತ್ತಿದ್ದಳು. ಗೇಟು ದಾಟಿದ ಮೇಲೆ ಬಂಡಿಯ ಗಾಲಿ ಮುರಿದರೂ ಅಜ್ಜಿ ಸೀಮಿ ಅವ್ವನನ್ನು ದೂರಿದ್ದು ನಾನು ಕೇಳಲಿಲ್ಲ.

ಐದನೆಯ ಇಯತ್ತೆಯಲ್ಲಿ ನಾನು ಗಣಿತದ ಪರೀಕ್ಷೆಗೆ ಓದುವ ಬದಲು ಅವಳಿಗೆ ದಿನಾ ಮೂರು ಸುತ್ತು ಹಾಕಿದೆ. ನೂರಕ್ಕೆ ಹನ್ನೊಂದು ಬಂತು. ಹಾಳೆ ಹಿಡಿದುಕೊಂಡು ಅಳುತ್ತ ಅಜ್ಜಿಯ ಹತ್ತಿರ ಹೋಗಿ, ನಿಮ್ಮ ಅವ್ವ ಮೋಸ ಮಾಡಿದಳು ಎಂದೆ. ಅಜ್ಜಿ ಜೋಳ ಹಸನು ಮಾಡುತ್ತ ತಲೆಯೆತ್ತದೆ ಹೇಳಿದಳು, "ಆಕಿ ಊರು ಕಾಯಾಕಿ. ನಿನ್ನ ಗಣಿತಾ ಕಾಯಾಕಿ ಅಲ್ಲ. ಮಾಸ್ತರಿಲ್ಲೇನು ಅದಕ?" ಮುಂದೆ ನಾನು ಗಣಿತ, ವಿಜ್ಞಾನವನ್ನೇ ಹಿಡಿದದ್ದರಲ್ಲಿ ಆ ಸಿಟ್ಟಿನ ಪಾಲೂ ಇದೆ.

"ಅಂದ್ರ ಸರಹದ್ದು ಇರಬೇಕು ಅಂತೀರಿ" ಎಂದಳು ಪಲ್ಲವಿ. "ಪೊಲೀಸ್ ಠಾಣಾ ಇದ್ದಂಗ."

"ಹಂಗ ಅನ್ನು."

ಅವಳು ಪೆನ್ನು ಕಚ್ಚುತ್ತ ಯೋಚಿಸಿ ಕೊನೆಗೆ ತನ್ನದೇ ತೀರ್ಪು ಕೊಟ್ಟಳು. ಒಂದು ಆಟಕ್ಕೆ ಒಂದೇ ಸಲ ಬಾಗಿಲವ್ವನನ್ನು ಕರೆಯಬಹುದು. ಯಾರು ಬೇಕಾದರೂ ಕರೆಯಬಹುದು. ಕರೆದರೆ ಬರುತ್ತಾಳೆ, ಆಮೇಲೆ ಆವತ್ತಿಗೆ ಮುಗಿಯಿತು. ಅತ್ತೆಗೆ ಇದು ರುಚಿಸಲಿಲ್ಲ. ಆದರೂ ಎದ್ದು ಹೋಗಲಿಲ್ಲ.

ಎದ್ದು ಹೋಗದಿರಲು ಒಂದು ಕಾರಣವಿತ್ತು. ಪಲ್ಲವಿ ಮೂರನೆಯ ಬಾಗಿಲಲ್ಲಿ ಚುರುಮುರಿ ಮಾರುವ ಮುದುಕಿಯೊಬ್ಬಳನ್ನು ಕೂರಿಸಿದ್ದಳು. ಕಥೆಯಲ್ಲಿ ಅವಳಿಗೆ ಅಂಥ ಕೆಲಸವೇನೂ ಇರಲಿಲ್ಲ, ದಾರಿ ಕೇಳಿದರೆ ಹೇಳಲಿ ಎಂದು ಇಟ್ಟದ್ದು. ಅತ್ತೆಗೆ ಮಾತ್ರ ಆ ಮುದುಕಿಯ ಮೇಲೆ ಜೀವ. ಪ್ರತಿ ಭಾನುವಾರ ಕುಳಿತ ಕೂಡಲೇ, "ಮೂರನೇ ಬಾಗಿಲಾಕಿ ಹೆಂಗದಾಳ?" ಎನ್ನುವರು. ಪಲ್ಲವಿ ಏನಾದರೂ ಹೇಳಿದರೆ ತಾವೂ ಸೇರಿಸುವರು. "ಆಕಿಗೆ ಚಾದಾಗ ಸಕ್ರಿ ಜಾಸ್ತಿ ಬೇಕು." "ಆಕಿ ನಕ್ಕರ ಕೆಮ್ಮು ಬರ್ತದ." "ಆಕಿ ಯಾರಿಗೂ ಒಂದು ಹಿಡಿ ಕಡಿಮಿ ಹಾಕಾಕಿ ಅಲ್ಲ." ನಾವು ನಗುತ್ತ ಅದನ್ನೆಲ್ಲ ಒಪ್ಪಿಕೊಳ್ಳುತ್ತಿದ್ದೆವು. ಪಲ್ಲವಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಆ ಮುದುಕಿ ಯಾರೆಂದು ನಮ್ಮ ಮೂವರಿಗೂ ಹೊಳೆಯಲಿಲ್ಲ. ಮಕ್ಕಳಿಗೆ 'ಗಮನಿಸಿ, ಊಹಿಸಿ, ತೀರ್ಮಾನಿಸಿ' ಎಂದು ವರ್ಷವೆಲ್ಲ ಹೇಳುವವಳು ನಾನು.

ಹೀಗೇ ಐದಾರು ವಾರ ಚೆಂದವಾಗಿ ನಡೆಯಿತು. ಆಮೇಲೆ ಆ ಭಾನುವಾರ ಬಂತು.

ಆವತ್ತು ನಾನು ಶತ್ರುಗಳ ಗುಟ್ಟು ತರಲೆಂದು ಗೋಡೆ ಹತ್ತಿದೆ. ದಾಳ ಹಾಕಿದರೆ ಎರಡು ಬಿತ್ತು. "ಕೈ ಜಾರಿ ತಿಪ್ಪಿಗುಂಡಿಯೊಳಗ ಬಿದ್ರಿ, ದೊಡ್ಡವ್ವ" ಎಂದಳು ಪಲ್ಲವಿ. "ಕುತ್ತಿಗಿತನಾ ಹೂತೀರಿ." ಹೊರಬರಲು ಮತ್ತೆ ದಾಳ ಹಾಕಿದೆ. ಮೂರು. ಇನ್ನೊಮ್ಮೆ. ಒಂದು. ಎಲ್ಲರೂ ನಗುತ್ತಿದ್ದರು. ಶಾಲೆಯಲ್ಲಿ ಯಾರೂ ನನ್ನನ್ನು ನೋಡಿ ನಗುವುದಿಲ್ಲ, ಅಭ್ಯಾಸವಿಲ್ಲ. ಸಿಟ್ಟು ಬಂದು, "ಬಾಗಿಲವ್ವನ್ನ ಕರೀತೀನಿ" ಎಂದೆ. ದೇವಿ ಕೋಣದ ಮೇಲೆ ಬಂದು, ನನ್ನ ಜುಟ್ಟು ಹಿಡಿದು ತಿಪ್ಪೆಯಿಂದ ಎತ್ತಿ, ತೊಳೆದು ನಿಲ್ಲಿಸಿ ಹೋದಳು.

ಹತ್ತು ನಿಮಿಷಕ್ಕೆ ಹೊಗೆಯ ಸೈನಿಕರು ಮೂರನೆಯ ಬಾಗಿಲಿಗೆ ಬಂದರು. ಮುದುಕಿ ಓಡಲಾರಳು. ಸಿದ್ಧಾರ್ಥ ಸರ್ ಅಡ್ಡ ನಿಂತು ದಾಳ ಹಾಕಿದರು, ಸಾಲಲಿಲ್ಲ. ಪಲ್ಲವಿ ಆಟದ ಹುರುಪಿನಲ್ಲಿದ್ದಳು. "ಒಬ್ಬ ಸೈನಿಕ ಆಕಿ ಭುಜ ಮುಟ್ಟಿದ. ಕಾಲಿಂದ ಕಲ್ಲಾಗಾಕತ್ತಾಳ" ಎಂದಳು.

"ಬಾಗಿಲವ್ವಾ, ಬಾ" ಎಂದರು ಅತ್ತೆ.

"ಆಯಿ, ಇವತ್ತಿಂದು ಮುಗದದ. ದೊಡ್ಡವ್ವ ಕರದ್ರಲ್ಲ."

"ಇನ್ನೊಮ್ಮಿ ಬರಲಿ."

"ಬರೂದಿಲ್ಲ ಆಯಿ. ಕಾಯಿದೆ ಅದ."

ಅತ್ತೆ ಸ್ವಲ್ಪ ಹೊತ್ತು ನೋಟ್‌ಬುಕ್ಕನ್ನೇ ನೋಡಿದರು. "ತಿಪ್ಪಿಯೊಳಗ ಬಿದ್ದಾಕೀನ ಎತ್ತಾಕ ಬಂದ್ಲು. ಇದಕ ಬರೂದಿಲ್ಲ" ಎಂದರು. ದನಿ ಏರಿಸಲಿಲ್ಲ. "ಹಂಗಾದ್ರ ಆಕಿ ಇದ್ರೇನು, ಬಿಟ್ರೇನು." ಮೊಣಕಾಲ ಮೇಲೆ ಕೈಯೂರಿ ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಎರಡು ಭಾನುವಾರ ಆಟವಾಗಲಿಲ್ಲ. ಪಲ್ಲವಿ ಬಂದರೂ ಅಜ್ಜಿ ಮೊಮ್ಮಗಳ ನಡುವೆ 'ಊಟಕ್ಕ ಬಾ', 'ಒಲ್ಲೆ' ಇಷ್ಟೇ ಮಾತು. ಆಟದಲ್ಲಿ ಯಾರೋ ಕಲ್ಲಾದದ್ದಕ್ಕೆ ಇಷ್ಟು ಸಿಟ್ಟೇ ಎಂದು ನನಗೂ ಸ್ವಲ್ಪ ಬೇಸರವಾಗಿತ್ತು. ಮೂರನೆಯ ವಾರ ಮಾಳಿಗೆಯ ಮೇಲೆ ಅತ್ತೆ ಮೆಣಸಿನಕಾಯಿ ಒಣಹಾಕುತ್ತಿದ್ದಾಗ ನಾನೂ ಹೋಗಿ ತೊಟ್ಟು ಮುರಿಯುತ್ತ ಕುಳಿತೆ. ಕೇಳಬೇಕೆಂದು ಹೋದವಳು ಏನೂ ಕೇಳಲಿಲ್ಲ. ಅವರೇ ಹೇಳಿದರು.

"ಶರಣಿ ದವಾಖಾನ್ಯಾಗ ಹನ್ನೊಂದು ದಿನ ಇದ್ಲು. ಹನ್ನೊಂದು ದಿನಾನೂ ನಾ ತಣ್ಣೀರು ಸುರಕೊಂಡು ಒದ್ದಿ ಸೀರಿ ಮ್ಯಾಲ ಅವ್ವನ ಗುಡಿಗೆ ಹೋದೆ. ಐವತ್ತು ವರ್ಷ ಏನೂ ಬೇಡಿದಾಕಿ ಅಲ್ಲ ನಾನು. ಇದೊಂದು ಬೇಡಿದ್ದೆ." ಮೆಣಸಿನಕಾಯಿಗಳನ್ನು ಕೈಯಿಂದ ಹರವಿದರು. "ಆಮ್ಯಾಲ ಹೋಗಾಕ ಮನಸಾಗ್ಲಿಲ್ಲ. ಹುಡುಗಿ ಆಟ ತಂದ್ಲು. ಇಲ್ಲಾದ್ರೂ ಒಬ್ಬಾಕಿ ಇರಲಿ, ಕರದ್ರ ಬರಾಕಿ, ಅನಿಸ್ತು. ಆಟದಾಗೂ ಇಲ್ಲ ಅಂತಂದ್ರ..."

ನನಗೆ ಚಹಾದ ಸಕ್ಕರೆ, ನಕ್ಕರೆ ಬರುವ ಕೆಮ್ಮು ಎಲ್ಲ ಒಂದೇ ಸಲ ನೆನಪಾಯಿತು. ಶರಣವ್ವ ಚಿಕ್ಕಮ್ಮ ನಕ್ಕಾಗ ಬೆನ್ನು ತಟ್ಟಿದವಳು ನಾನೇ. ಬಿದ್ದ ಮೇಲೆ ಹಾಕಿದ ಎರಡು ದಾಳಗಳಲ್ಲಿ ಒಂದಾದರೂ ಹತ್ತು ಬಿದ್ದಿದ್ದರೆ ತಿಪ್ಪೆಯಿಂದ ನಾನಾಗಿಯೇ ಎದ್ದು ಬರುತ್ತಿದ್ದೆನಲ್ಲ ಎಂದು, ನೋಡಿ, ಇಷ್ಟು ವಯಸ್ಸಾದವಳು ಸುಳ್ಳು ತಿಪ್ಪೆಗೆ ನಿಜವಾಗಿ ಮರುಗಿದೆ. ಕಣ್ಣಲ್ಲಿ ನೀರು ಬಂತು. ಉಜ್ಜಿಕೊಂಡೆ. ಮೆಣಸಿನಕಾಯಿ ಮುಟ್ಟಿದ ಕೈ. ಆಮೇಲೆ ಅರ್ಧ ಗಂಟೆ ಅತ್ತೆಯೇ ನನ್ನ ಕಣ್ಣಿಗೆ ನೀರು ಹೊಡೆಯುತ್ತ, "ಸೈನ್ಸ್ ಟೀಚರ್ ಅದಾಳಂತ" ಎಂದು ಬೈಯುತ್ತ ಕುಳಿತರು.

ಮರುದಿನ ಶಾಲೆ ಬಿಟ್ಟ ಮೇಲೆ ಸಿದ್ಧಾರ್ಥ ಸರ್‌ಗೆ ಎಲ್ಲ ಹೇಳಿದೆ. ಪಲ್ಲವಿಯನ್ನು ಫೋನಿನಲ್ಲಿ ಹಿಡಿದೆವು. "ನನಗ ತಿಳೀಲೇ ಇಲ್ಲ ದೊಡ್ಡವ್ವ. ಮುದುಕೀನ ಎಬ್ಬಿಸಿಬಿಡ್ತೀನಿ" ಎಂದಳು.

"ಎಬ್ಬಿಸೂದು ಬ್ಯಾರೆ" ಎಂದರು ಸಿದ್ಧಾರ್ಥ ಸರ್. "ನೀ ಎಬ್ಬಿಸಿದ್ರ ಅದು ಸಮಾಧಾನ ಮಾಡಿದಂಗ ಆಗ್ತದ. ಅಮ್ಮಾಗ ಗೊತ್ತಾಗ್ತದ. ಒಂದು ಕೆಲಸಾ ಮಾಡು. ಅಮ್ಮಾನೇ ಬಾಗಿಲವ್ವ ಆಗಲಿ. ಎಷ್ಟು ಶಕ್ತಿ ಬೇಕೋ ಅಷ್ಟು ತಗೊಳ್ಳಲಿ."

"ಸರ್, ಪೂರಾ ಶಕ್ತಿ ಕೊಟ್ರ ಆಟ ಉಳಿಯೂದಿಲ್ರಿ."

"ಉಳೀಲಿಲ್ಲಂದ್ರ ಬ್ಯಾಡ. ಆಟ ಏನು ಓಡಿ ಹೋಗ್ತದೇನು."

ಮುಂದಿನ ಭಾನುವಾರ ಮಧ್ಯಾಹ್ನ ಪಲ್ಲವಿ ಅಜ್ಜಿಯ ಕೋಣೆಗೆ ತಾನೇ ಹೋದಳು. ಏನು ಹೇಳಿದಳೋ ನನಗೆ ಗೊತ್ತಿಲ್ಲ. ಇಬ್ಬರೂ ಕೆಂಪು ಕಣ್ಣು ಮಾಡಿಕೊಂಡು ಬಂದರು. ಅತ್ತೆ ತಮ್ಮ ಜಾಗ ಬಿಟ್ಟು ಗೋಡೆಗೆ ಒರಗಿದ ದೊಡ್ಡ ಕುರ್ಚಿಯಲ್ಲಿ ಕುಳಿತರು, ದೇವಿಯೆಂದ ಮೇಲೆ ಎತ್ತರದಲ್ಲೇ ಇರಬೇಕಲ್ಲ.

"ಆಯಿ, ನಿನಗ ದಾಳಾನ ಬ್ಯಾಡ. ನೀ ಅಂದದ್ದು ಆಗ್ತದ. ಮೂರನೇ ಬಾಗಿಲಿಂದ ಮತ್ತ ಶುರು. ಸೈನಿಕ ಇನ್ನೂ ಮುಟ್ಟಿಲ್ಲ, ಕೈ ಎತ್ಯಾನ."

ಅತ್ತೆ ಉಫ್ ಎಂದು ಊದಿದರು. "ಹೋದ" ಎಂದರು.

"ಹೋದ. ಐದನೇ ಬಾಗಿಲಿಗೆ ಬೆಂಕಿ ಬಿದ್ದದ."

"ಅಲ್ಲೂ ನಾನ ಅದೀನಿ. ಎಲ್ಲಾ ಬಾಗಿಲದಾಗೂ ಅದೀನಿ. ಬೆಂಕಿ ಆರ್ತು. ಗುಡ್ಡದಾಚೆ ಇರೋವ್ರೂ ಹೋದ್ರು, ಅವರ ದೊರಿನೂ ಹೋದ."

ಐದು ನಿಮಿಷದಲ್ಲಿ ವೈರಿಗಳೆಲ್ಲ ಮುಗಿದರು. ಅತ್ತೆಯ ಮುಖದಲ್ಲಿ ಒಂದು ವರ್ಷದಿಂದ ಕಾಣದ ನಗು ಇತ್ತು. ಆಟ ಮುಗಿಯಿತೆಂದು ನಾನು ಚಹಾಕ್ಕೆ ಏಳುತ್ತಿದ್ದೆ. ಪಲ್ಲವಿ ಪುಟ ತಿರುಗಿಸಿ, "ಬಾಗಿಲವ್ವ ಪ್ರತ್ಯಕ್ಷ ಆಗ್ಯಾಳಂತ ಊರ ಮಂದಿಗೆ ಗೊತ್ತಾತು. ಗುಡಿ ಮುಂದ ಸಾಲು ಹಚ್ಯಾರ" ಎಂದಳು.

"ಬರ್ಲಿ" ಎಂದರು ಅತ್ತೆ, ಸೆರಗು ಸರಿಮಾಡಿಕೊಂಡು.

ಮೊದಲು ಪಲ್ಲವಿ ರೈತನಾಗಿ ಬಂದು ಹತ್ತಿಗೆ ಮಳೆ ಬೇಕೆಂದಳು. ಅತ್ತೆ ಮಳೆ ಕೊಟ್ಟರು. ನಾನು ಅವನ ನೆರೆಹೊಲದವಳಾಗಿ, ಮೆಣಸಿನಕಾಯಿ ಕಣದಲ್ಲಿದೆ, ತೊಯ್ದು ಹೋಯಿತು ಎಂದು ಎದೆ ಬಡಿದುಕೊಂಡೆ. ಅತ್ತೆ ಮಳೆ ನಿಲ್ಲಿಸಿದರು. ರೈತ ತಿರುಗಿ ಬಂದ. ಅವನ ಹೊಲದ ಮೇಲೆ ಮಾತ್ರ ಮಳೆಯೆಂದರು. ಸಿದ್ಧಾರ್ಥ ಸರ್ ಮೂರನೆಯ ಹೊಲದವನಾಗಿ, ಅವನ ಹೊಲದ ನೀರೆಲ್ಲ ನಮ್ಮ ಹೊಲಕ್ಕೆ ನುಗ್ಗಿದೆ ಎಂದು ತಕರಾರು ತಂದರು. ಒಬ್ಬಾಕೆ ಗಂಡ ಬೇಗ ಮನೆಗೆ ಬರಲೆಂದು ಬೇಡಿದಳು, ಅವಳ ಹಿಂದೆಯೇ ನಿಂತ ಗಂಡ ತಾನೆಲ್ಲಿದ್ದೇನೆಂದು ಅವಳಿಗೆ ತಿಳಿಯದಿರಲೆಂದು ಬೇಡಿದ. ಇಬ್ಬರು ಹುಡುಗಿಯರು ತರಗತಿಗೆ ತಾನೇ ಮೊದಲು ಬರಬೇಕೆಂದರು. ನನ್ನ ಕಳ್ಳಿ ಬಂದು ಉಗ್ರಾಣದ ಬೀಗ ತೆಗೆಸಿಕೊಡೆಂದು ಅಡ್ಡಬಿದ್ದಳು. ನಮ್ಮನೆಯವರು ಅಡುಗೆಮನೆಯಿಂದ ಚಹಾದ ಲೋಟ ಹಿಡಿದು ಬಂದು, ತಮಗೆ ಯಾದಗಿರಿಯಿಂದ ಸುರಪುರಕ್ಕೆ ವರ್ಗ ಬೇಕೆಂದು ಅರ್ಜಿ ಹಾಕಿದರು. ಇದು ಆಟವೋ ನಿಜವೋ ಯಾರಿಗೂ ತಿಳಿಯಲಿಲ್ಲ.

ಒಂದು ಗಂಟೆಯಾಗಿರಬೇಕು. ಅತ್ತೆ ಬೆವರಿದ್ದರು. "ಒಬ್ಬೊಬ್ಬರ ಬರ್ರಿ. ಜರ ನಿಂದ್ರು. ನಿಂದು ಆಮ್ಯಾಲ" ಎನ್ನುತ್ತಿದ್ದರು. "ಇವನಿಗೆ ಕೊಟ್ರ ಅವನಿಗಿಲ್ಲ, ಅವನಿಗೆ ಕೊಟ್ರ ಇವನಿಗಿಲ್ಲ. ಎಷ್ಟು ಮಂದಿ ಉಳಿದಾರ?"

"ಸಾಲು ಊರ ಹೊರಗತನಾ ಅದ ಆಯಿ."

ಆಗ ಪಲ್ಲವಿಯ ದನಿ ಸಣ್ಣದಾಯಿತು. "ಮೂರನೇ ಬಾಗಿಲಿನ ಮುದುಕಿ ಬಂದಾಳ" ಎಂದಳು.

ಅತ್ತೆ ಕುರ್ಚಿಯಲ್ಲಿ ನೆಟ್ಟಗಾದರು. "ಏನು ಬೇಕಂತ ಆಕಿಗೆ? ಕೊಡ್ತೀನಿ. ಮೊದಲು ಆಕಿಗೆ ಕೊಡ್ತೀನಿ."

"ಆಕಿ ಏನೂ ಕೇಳವಲ್ಲಳು. ಬುಟ್ಟಿ ಇಳಿಸಿ ನಿನ್ನ ಬಾಜೂಕ ಕುಂತ್ಲು." ಪಲ್ಲವಿ ನೋಟ್‌ಬುಕ್ಕು ನೋಡುತ್ತಿರಲಿಲ್ಲ, ಅಜ್ಜಿಯನ್ನೇ ನೋಡುತ್ತಿದ್ದಳು. "ಒಂದು ಹಿಡಿ ಚುರುಮುರಿ ನಿನ್ನ ಕೈಯಾಗ ಹಾಕಿದ್ಲು. 'ಯವ್ವಾ, ಮುಂಜಾನಿಂದ ಏನರೆ ತಿಂದಿಯೇನು' ಅಂತ ಕೇಳಾಕತ್ತಾಳ."

ಅತ್ತೆ ತಮ್ಮ ಬರಿಗೈ ಬಿಚ್ಚಿ ನೋಡಿಕೊಂಡರು. ಅಷ್ಟು ಹೊತ್ತು ಬೇಕಾದ್ದು ಬೇಡಾದ್ದು ಎಲ್ಲ ಕೊಟ್ಟ ಕೈ ಅದು.

"ಇಲ್ಲವಾ" ಎಂದರು. "ಯಾರೂ ಕೇಳಿಲ್ಲ ಇಷ್ಟೊತ್ತನಾ." ಆಮೇಲೆ ನಕ್ಕರು. ನಗುತ್ತಿರುವಾಗಲೇ ಕಣ್ಣೀರು ಕೆನ್ನೆಗಿಳಿಯಿತು, ಒರೆಸಿಕೊಳ್ಳಲಿಲ್ಲ. ಸಿದ್ಧಾರ್ಥ ಸರ್ ಕಿಟಕಿಯ ಹೊರಗೆ ನೋಡತೊಡಗಿದರು. ನಾನು ಈ ಸಲ ಕಣ್ಣು ಮುಟ್ಟಿಕೊಳ್ಳಲು ಹೋಗಲಿಲ್ಲ.

ಸ್ವಲ್ಪ ಹೊತ್ತಿಗೆ ಅತ್ತೆ ಕುರ್ಚಿಯಿಂದಿಳಿದು ಚಾಪೆಯ ಮೇಲೆ ತಮ್ಮ ಹಳೆಯ ಜಾಗದಲ್ಲಿ ಕುಳಿತರು. "ನಾ ಪೂಜಾರಿನೇ ಆಗ್ತೀನಿ. ಈ ಕೆಲಸಾ ನನಗ ಬ್ಯಾಡ" ಎಂದರು. ಪಲ್ಲವಿ ಪೆನ್ನು ತೆಗೆದು, "ಹಂಗಾದ್ರ ಬಾಗಿಲವ್ವಗ ಎಷ್ಟು ಶಕ್ತಿ ಇರ್ಲಿ, ನೀನ ಹೇಳು ಆಯಿ. ನೀ ಹೇಳಿದ್ದು ಬರೀತೀನಿ" ಎಂದಳು.

ಅತ್ತೆ ಹೇಳಿದ ಕಾಯಿದೆ ಈಗಲೂ ಆ ಪುಟದಲ್ಲಿದೆ. ಒಂದು ಆಟಕ್ಕೆ ಒಂದು ಸಲ ಬರುತ್ತಾಳೆ. ಆದರೆ ನಾವು ಕರೆದಾಗಲ್ಲ, ಅವಳಿಗೆ ಬರಬೇಕೆನಿಸಿದಾಗ. ಬಂದು ಏನು ಮಾಡುತ್ತಾಳೆಂಬುದೂ ಅವಳ ಇಚ್ಛೆ. ಕಳ್ಳರು ತಿಪ್ಪೆಗೆ ಬಿದ್ದರೆ ಬರುವುದಿಲ್ಲ. "ಇದಕ ಎಷ್ಟು ಅಂಕಿ ಹಾಕ್ಲಿ?" ಎಂದು ಪಲ್ಲವಿ ಕೇಳಿದರೆ, "ಅಂಕಿ ಯಾಕ ಬೇಕು, ಆಕಿ ಏನು ಪರೀಕ್ಷಾಕ ಕುಂತಾಳೇನು" ಎಂದರು. ಸಿದ್ಧಾರ್ಥ ಸರ್ ಇದಕ್ಕೆ ತಮ್ಮ ಪೂರ್ಣ ಒಪ್ಪಿಗೆಯೆಂದರು. ಅಂದಿನಿಂದ ನಾವು ಬಹಳ ಸಲ ಸೋತಿದ್ದೇವೆ. ಎರಡು ಬಾಗಿಲು ಹೋಗಿವೆ. ಹೋದ ತಿಂಗಳು ವೈದ್ಯನ ಒಂದು ಕೈ ಕಲ್ಲಾಯಿತು, ಇನ್ನೊಂದು ಕೈಯಲ್ಲೇ ಚೀಲ ಬಿಚ್ಚುತ್ತಾರೆ. ದಾಳ ಉರುಳುವಾಗ ಅತ್ತೆಯ ಬಾಯಲ್ಲಿ ಬರುವ ಬೈಗುಳಗಳನ್ನು ಕೇಳಿದರೆ ಪೂಜಾರಿಣಿಯೆಂದು ಯಾರೂ ಹೇಳಲಾರರು.

ಕಾಯಿದೆ ಬರೆದ ಎರಡು ದಿನಕ್ಕೆ, ಮಂಗಳವಾರ ಮುಂಜಾನೆ, ನಾನು ಶಾಲೆಗೆಂದು ಮೆಟ್ಟು ಹಾಕಿಕೊಳ್ಳುತ್ತಿದ್ದೆ. ಅತ್ತೆ ಇಳಕಲ್ ಸೀರೆಯುಟ್ಟು ಹೊರಗೆ ಬಂದು, "ಕಲಾ, ಗುಡಿತನಾ ಬಿಟ್ಟು ಹೋಗ" ಎಂದರು. ಕೈ ಹಿಡಿದುಕೊಂಡು ನಡೆಸಿದೆ. ಊರಂಚಿನ ಗುಡಿಯಲ್ಲಿ ಪೂಜಾರಿ ಅತ್ತೆಯನ್ನು ಕಂಡು ಎದ್ದು ನಿಂತ. "ಬರ್ರಿ ಅಮ್ಮಾ, ಬಾಳ ದಿನಾ ಆತು" ಎಂದವನು ಅವರ ಕೈ ನೋಡಿದ. ಕಾಯಿಯಿಲ್ಲ, ಹೂವಿಲ್ಲ, ಊದಿನಕಡ್ಡಿಯೂ ಇಲ್ಲ. "ಏನು ಬೇಡ್ಕೋಬೇಕಾಗಿತ್ರಿ? ಹೇಳ್ರಿ, ಹೆಸರು ಹೇಳಿ ಮಂಗಳಾರತಿ ಮಾಡ್ತೀನಿ" ಎಂದ.

"ಬೇಡೂದೇನಿಲ್ಲಪ್ಪ" ಎಂದರು ಅತ್ತೆ. "ಹೆಂಗದಾಳ ನೋಡಿ ಹೋಗಾಕ ಬಂದೀನಿ."

ಹೊಸ್ತಿಲ ಹತ್ತಿರ ಕಂಬಕ್ಕೆ ಒರಗಿ ಕಾಲು ಚಾಚಿ ಕುಳಿತರು. ಸಣ್ಣ ದನಿಯಲ್ಲಿ ಮಾತು ಶುರುಮಾಡಿದರು. ಶರಣಿ ಎಂಬ ಹೆಸರು ಒಮ್ಮೆ ಕೇಳಿಸಿತು, ನನ್ನ ಹೆಸರೂ ಒಮ್ಮೆ ಕೇಳಿಸಿತು, ಆಮೇಲೆ ನಗು. ಪೂಜಾರಿ ಗಂಟೆ ಹೊಡೆಯಲು ಕೈ ಎತ್ತಿದವನು ಇಳಿಸಿ ಸುಮ್ಮನೆ ಬಾಗಿಲ ಬದಿಗೆ ಸರಿದು ನಿಂತ. ನಾನು ಗಡಿಯಾರ ನೋಡಲಿಲ್ಲ. ಅವರ ಮಾತು ಮುಗಿಯುವಷ್ಟರಲ್ಲಿ ಶಹಾಪುರದ ಎರಡು ಬಸ್ಸು ಹೋಗಿದ್ದವು.